ಗೇಟು ಹಾಕಿದ್ದರೆ ಸಾಕು

ಮುಚ್ಚಿದ ರೈಲ್ವೆ ಗೇಟು ಕಂಡು ಖುಷಿಪಟ್ಟವರನ್ನು ನೀವು ನೋಡಿರಲಾರಿರಿ. ಬೈಕಿನವರು ಗಾಡಿಯನ್ನು ಓರೆ ಮಾಡಿ ಕಂಬಿಯ ಕೆಳಗೆ ತೂರುತ್ತಾರೆ. ಆಟೋದವರು ರೈಲ್ವೆ ಇಲಾಖೆಯ ವಂಶಾವಳಿಯನ್ನೆಲ್ಲ ಜಾಲಾಡುತ್ತಾರೆ. ಕಾರಿನವರು ಹಾರನ್ ಒತ್ತಿ, ಅದಕ್ಕೆ ಹೆದರಿ ರೈಲು ಬೇಗ ಬಂದೀತೇನೋ ಎಂಬಂತೆ ಹಳಿಯ ಕಡೆ ಕತ್ತು ಚಾಚುತ್ತಾರೆ. ಈ ಗದ್ದಲದ ನಡುವೆ ಒಬ್ಬ ಮಾತ್ರ ಸ್ಕೂಟರ್ ಆಫ್ ಮಾಡಿ, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ಬಿಚ್ಚಿ ಕನ್ನಡಿಗೆ ನೇತುಹಾಕಿ, ಜೇಬಿನಿಂದ ನಾಲ್ಕು ಕಡಲೆಕಾಯಿ ತೆಗೆದು ಸುಲಿಯುತ್ತ ನಿಲ್ಲುತ್ತಿದ್ದ. ಅದು ನಾನು. ಆ ಹೊತ್ತಿಗೆ ನನ್ನ ಮುಖ ಕನ್ನಡಿಯಲ್ಲಿ ಕಂಡರೆ ನನಗೇ ಆಶ್ಚರ್ಯವಾಗುತ್ತಿತ್ತು. ಮದುವೆ ಫೋಟೋದಲ್ಲೂ ನಾನು ಅಷ್ಟು ಗೆಲುವಾಗಿರಲಿಲ್ಲ.

ನಾನು ಕೆಲಸ ಮಾಡುವುದು ತಾಂಡ್ಯದಲ್ಲಿ. ಬೆಂಗಳೂರಿನ ನೆಂಟರಿಗೆ ಹೀಗೆಂದರೆ "ಓ, ಮಂಡ್ಯದಲ್ಲಾ?" ಅನ್ನುತ್ತಾರೆ. ಮ ಅಲ್ಲ, ತಾ, ತಾಂಡ್ಯ ಎಂದು ಬಿಡಿಸಿ ಹೇಳಿದರೆ "ತಾಂಡಾನಾ?" ಎಂದು ಇನ್ನೊಂದು ಕಡೆ ಹೊರಳುತ್ತಾರೆ. ಮೈಸೂರಿನಿಂದ ನಂಜನಗೂಡಿಗೆ ಬರುವ ದಾರಿಯಲ್ಲಿ ಕಡಕೊಳ ದಾಟಿದ ಮೇಲೆ ತಾಂಡವಪುರದ ಆಸುಪಾಸಿನಲ್ಲಿ ಕೆ.ಐ.ಎ.ಡಿ.ಬಿ.ಯವರ ಕೈಗಾರಿಕಾ ಪ್ರದೇಶ ಇದೆ ನೋಡಿ, ಅದೇ. ಹುರುಳಿ, ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಶೆಡ್ಡುಗಳು ಎದ್ದಿವೆ. ಅಂಥ ಒಂದು ಶೆಡ್ಡಿನಲ್ಲಿ ರಟ್ಟಿನ ಡಬ್ಬ ಮಾಡುತ್ತಾರೆ. ಡಬ್ಬದೊಳಕ್ಕೆ ಹೋಗುವ ಕಾಫಿಪುಡಿ, ಮಾತ್ರೆ, ಬಣ್ಣ ಎಲ್ಲ ಬೇರೆ ಕಾರ್ಖಾನೆಯವರದು. ನಮ್ಮದು ಬರೀ ಡಬ್ಬ. ಆ ಬರೀ ಡಬ್ಬದ ಕಂಪನಿಯಲ್ಲಿ ನಾನು ಸ್ಟೋರ್ಸ್ ಅಸಿಸ್ಟೆಂಟು. ಹದಿನೇಳು ವರ್ಷದ ಮೇಲಾಯಿತು.

ಸ್ಟೋರ್ಸ್ ಎಂದರೆ ಏನೆಂದು ಕೇಳುವವರಿಗೆ ನಾನು ಹೇಳುವುದು ಇಷ್ಟೆ: ಊರಿನ ಸೊಸೈಟಿ ಅಂಗಡಿ ಇದ್ದ ಹಾಗೆ, ದುಡ್ಡು ಮಾತ್ರ ಇಲ್ಲ. ಒಳಗೆ ಬಂದ ಸಾಮಾನಿಗೆ ಜಿ.ಆರ್.ಎನ್. ಬರೆಯಬೇಕು, ಇಂಡೆಂಟ್ ತಂದವರಿಗೆ ಸಾಮಾನು ಕೊಟ್ಟು ಸಹಿ ಹಾಕಿಸಿಕೊಳ್ಳಬೇಕು, ಪ್ರತಿಯೊಂದು ರ‍್ಯಾಕಿಗೂ ತೂಗುಬಿಟ್ಟ ಬಿನ್ ಕಾರ್ಡಿನಲ್ಲಿ ಬಂದದ್ದು, ಹೋದದ್ದು, ಉಳಿದದ್ದು ಎಂದು ಮೂರು ಕಾಲಂ ತುಂಬಬೇಕು. ಈಗ ಎಲ್ಲ ಕಂಪ್ಯೂಟರಿನಲ್ಲಿದೆ. ಆದರೂ ಬಿನ್ ಕಾರ್ಡು ಹೋಗಿಲ್ಲ. ಕಂಪ್ಯೂಟರು ಒಂದು ಹೇಳುತ್ತದೆ, ಕಾರ್ಡು ಇನ್ನೊಂದು ಹೇಳುತ್ತದೆ, ರ‍್ಯಾಕಿನಲ್ಲಿ ಮೂರನೆಯದು ಇರುತ್ತದೆ. ಈ ಮೂವರನ್ನು ರಾಜಿ ಮಾಡಿಸುವ ಪಂಚಾಯ್ತಿಯೇ ನನ್ನ ಉದ್ಯೋಗ.

ಒಂದೇ ಒಂದು ಬೇರಿಂಗಿನ ಕಥೆ ಹೇಳುತ್ತೇನೆ. 6204 ಎಂಬ ಬೇರಿಂಗು. ಒಳಗಿನ ತೂತು 20 ಮಿಲಿಮೀಟರ್, ಹೊರಗಿನ ಅಗಲ 47, ದಪ್ಪ 14. ಅಂಗೈಯಲ್ಲಿ ಇಟ್ಟರೆ ಕೋಡುಬಳೆಯಷ್ಟು ಇರುತ್ತದೆ, ಬೆರಳಿಗೆ ಸಿಕ್ಕಿಸಿ ತಿರುಗಿಸಿದರೆ ಗುಂಯ್ ಎಂದು ಸುತ್ತುತ್ತದೆ. ಮಿಕ್ಸಿಯಷ್ಟು ಪುಟ್ಟ ಮೋಟಾರಿನಿಂದ ಹಿಡಿದು ನಮ್ಮ ಕನ್ವೇಯರಿನ ಉರುಳೆಯವರೆಗೆ ಎಲ್ಲೆಲ್ಲೂ ಇರುವ ಬಡವರ ಬೇರಿಂಗ್ ಅದು. ಒಂದು ಮಾರ್ಚಿನಲ್ಲಿ ಕಾರ್ಡಿನ ಪ್ರಕಾರ ಹದಿನಾಲ್ಕು ಇರಬೇಕಾಗಿತ್ತು, ರ‍್ಯಾಕಿನಲ್ಲಿ ಹದಿಮೂರು ಇತ್ತು. ಅಬ್ಬಬ್ಬಾ ಎಂದರೆ ಒಂದು ಹೊತ್ತಿನ ಬಾಡೂಟದ ಬೆಲೆಯ ಸಾಮಾನು. ಆದರೆ ಸ್ಟೋರ್ಸಿನವನಿಗೆ ಬೆಲೆ ಲೆಕ್ಕಕ್ಕಿಲ್ಲ, ಲೆಕ್ಕವೇ ಬೆಲೆ. ಇಂಡೆಂಟು ಪುಸ್ತಕಗಳನ್ನು ಹಿಂದಿನ ದಸರಾದವರೆಗೆ ತಿರುವಿ ಹಾಕಿದೆ. ಫಿಟ್ಟರುಗಳ ಟೂಲ್ ಬಾಕ್ಸಿಗೆ ಕೈ ಹಾಕಿ ಬೈಸಿಕೊಂಡೆ. ರಾತ್ರಿ ಕಣ್ಣು ಮುಚ್ಚಿದರೆ ಹದಿಮೂರು ಬೇರಿಂಗುಗಳು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು.

ಆಡಿಟ್ಟಿನ ದಿನ ಮ್ಯಾನೇಜರು ಕರೆದರು. "ಏನ್ರೀ, 6204 ಒಂದು ಶಾರ್ಟು?" ಎಂದರು. ಅವರ ಮೇಜಿನ ಮೇಲೆ ಫ್ಯಾನ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದ ಕಾಗದಗಳ ಮೇಲೆ, ಥಳಥಳ ಒರೆಸಿದ, ಕೋಡುಬಳೆಯಷ್ಟೇ ಇರುವ ಒಂದು ವಸ್ತು ಕೂತಿತ್ತು. ಅವರು ಮಾತಾಡುತ್ತ ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ಗುಂಯ್ ಎನ್ನಿಸುತ್ತಿದ್ದರು. ಅದನ್ನು ನೋಡಿದೆ, ಅವರನ್ನೂ ನೋಡಿದೆ. "ಹುಡುಕ್ತೀನಿ ಸಾರ್" ಎಂದು ಹೊರಗೆ ಬಂದೆ.

ಅವತ್ತಿನಿಂದ ಶುರುವಾಯಿತೋ, ಅದಕ್ಕೂ ಮುಂಚಿನಿಂದ ಇತ್ತೋ ಗೊತ್ತಿಲ್ಲ. ಮೊದಲು ಪತ್ತೆ ಹಚ್ಚಿದ್ದು ನನ್ನ ಹೆಂಡತಿ. "ರೀ, ರಾತ್ರಿಯೆಲ್ಲ ಹಲ್ಲು ಕಡೀತೀರಿ" ಎಂದಳು. ನಂಜನಗೂಡಿನವರ ಹಲ್ಲಿನ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಕಟ್ಟಿದ ಊರು ನಮ್ಮದು. ನಂಜನಗೂಡು ಹಲ್ಲುಪುಡಿ ಎಂದರೆ ನಾಡಿಗೆಲ್ಲ ಗೊತ್ತು. ಆ ಪುಡಿಯಲ್ಲಿ ಮೂರು ತಲೆಮಾರು ಉಜ್ಜಿ ಗಟ್ಟಿಯಾದ ಹಲ್ಲು ಕಡಿದರೆ ಸದ್ದು ಎಷ್ಟಿರಬೇಡ! "ಗಿರಣೀಲಿ ಮಲಗಿದಂಗೆ ಆಗುತ್ತೆ" ಎಂದು ಅವಳು ಮಗಳ ಕೋಣೆಗೆ ದಿಂಬು ಎತ್ತಿಕೊಂಡು ಹೋದಳು.

ಆಮೇಲೆ ಹೊಟ್ಟೆ. ಬೆಳಿಗ್ಗೆ ಎದ್ದು ಶರಟಿನ ಗುಂಡಿ ಹಾಕುತ್ತಿದ್ದ ಹಾಗೇ ಹೊಕ್ಕುಳ ಮೇಲುಗಡೆ ಯಾರೋ ಒದ್ದೆ ಬಟ್ಟೆ ಹಿಂಡಿದಂತೆ ಆಗುತ್ತಿತ್ತು. ನಮ್ಮ ಕಡೆ ಇದಕ್ಕೆಲ್ಲ ಒಂದೇ ಹೆಸರು, ಗ್ಯಾಸ್ಟ್ರಿಕ್. ಎದೆ ನೋವು, ಬೆನ್ನು ನೋವು, ಸೊಸೆ ಮೇಲಿನ ಸಿಟ್ಟು, ಎಲ್ಲವೂ ಗ್ಯಾಸ್ಟ್ರಿಕ್ಕೇ. ಹಿಂದಿನ ವರ್ಷವಾಗಿದ್ದರೆ ಇ.ಎಸ್.ಐ. ಡಿಸ್ಪೆನ್ಸರಿಗೆ ಹೋಗಬಹುದಿತ್ತು. ಸಂಬಳ ಏರಿ 21,000 ದಾಟಿದ್ದರಿಂದ ಅದು ಕೈತಪ್ಪಿತ್ತು. ನಾನ್ನೂರು ರೂಪಾಯಿ ಇನ್‌ಕ್ರಿಮೆಂಟ್ ಕೊಟ್ಟು ಆಸ್ಪತ್ರೆ ಕಿತ್ತುಕೊಂಡರು ಎಂದು ನಮ್ಮಲ್ಲಿ ಅನೇಕರು ಗೊಣಗುತ್ತಾರೆ. ಸರಿ, ದುಡ್ಡು ಕೊಟ್ಟೇ ಡಾಕ್ಟರ ಹತ್ತಿರ ಹೋದೆ.

"ಊಟಕ್ಕೆ ಮುಂಚೆ ಬರುತ್ತೋ, ಆದ ಮೇಲೋ?" ಎಂದು ಕೇಳಿದರು.

"ಡ್ಯೂಟಿಗೆ ಮುಂಚೆ" ಎಂದೆ.

"ಭಾನುವಾರ?"

ಯೋಚಿಸಿದೆ. "ಬೆಳಿಗ್ಗೆ ಇರಲ್ಲ ಸಾರ್. ಸಾಯಂಕಾಲ ನಾಲ್ಕರ ಮೇಲೆ ಬರುತ್ತೆ. ಹಬ್ಬದ ದಿನ ಬರಲ್ಲ. ಹಬ್ಬ ಸೋಮವಾರ ಬಿದ್ದರೆ ಭಾನುವಾರ ಸಾಯಂಕಾಲವೂ ಬರಲ್ಲ."

ಡಾಕ್ಟರು ಪೆನ್ನಿನ ಟೋಪಿ ಮುಚ್ಚಿದರು. "ಹೊಟ್ಟೆ ಕ್ಯಾಲೆಂಡರ್ ನೋಡುತ್ತಾ?" ಎಂದು ನಕ್ಕು, ಹತ್ತು ದಿನಕ್ಕೆ ಮಾತ್ರೆ ಬರೆದುಕೊಟ್ಟರು.

ಮನೆಗೆ ಬರುವಾಗ ದೇವಸ್ಥಾನದ ಮುಂದೆ ಹಾಯ್ದೆ. ಹಾಲಾಹಲ ಕುಡಿದ ನಂಜುಂಡ ನಮ್ಮೂರಿನ ಯಜಮಾನ. ಅವನಿಗೆ ವೈದ್ಯನೆಂದೂ ಹೆಸರು. ಪಟ್ಟದಾನೆಯ ಕಣ್ಣು ವಾಸಿಯಾಯಿತೆಂದು ಟಿಪ್ಪು ಸುಲ್ತಾನ 'ಹಕೀಂ ನಂಜುಂಡ' ಎಂದು ಕರೆದು ಪಚ್ಚೆ ಲಿಂಗ ಒಪ್ಪಿಸಿದನೆಂದು ಹೇಳುತ್ತಾರೆ. ಕೈಮುಗಿಯುವಾಗ ಒಂದು ಸಂಶಯ ಬಂತು. ಸ್ವಾಮಿ ವಿಷವನ್ನು ಗಂಟಲಲ್ಲೇ ನಿಲ್ಲಿಸಿಕೊಂಡ, ಪಕ್ಕದಲ್ಲಿ ಪಾರ್ವತಿ ಕತ್ತು ಹಿಡಿದಿದ್ದಳು. ನಾವು ದಿನಾ ಇಷ್ಟಿಷ್ಟು ನುಂಗಿ ನೇರ ಹೊಟ್ಟೆಗೇ ಇಳಿಸುತ್ತೇವೆ. ಗುಟುಕು ಇಳಿಯುವ ಹೊತ್ತಿಗೆ ಕತ್ತು ಹಿಡಿಯೋಣವೆಂದರೆ ನಮ್ಮ ಪಾರ್ವತಿಯರು ದಿಂಬಿನ ಸಮೇತ ಬೇರೆ ಕೋಣೆಯಲ್ಲಿರುತ್ತಾರೆ.

ಇಷ್ಟಾದರೂ ನನಗೆ ಅದು ಕೆಲಸದ ದಿಗಿಲು ಎಂದು ಹೊಳೆದಿರಲಿಲ್ಲ ಎಂದರೆ ನಂಬಬೇಕು. ದಿಗಿಲು ಎಂದರೆ ಹುಲಿ ಕಂಡಾಗ, ಲಾರಿ ಎದುರಿಗೆ ಬಂದಾಗ ಆಗುವಂಥದ್ದು ಎಂದುಕೊಂಡಿದ್ದೆ. ದಿನಾ ಬೆಳಿಗ್ಗೆ ಉಪ್ಪಿಟ್ಟಿನ ಜೊತೆ ಬರುವುದಕ್ಕೂ ಆ ಹೆಸರು ಸಲ್ಲುತ್ತದೆಂದು ಯಾರು ಹೇಳಿಕೊಟ್ಟಿದ್ದರು? ಹೇಳಿಕೊಟ್ಟದ್ದು ಕೊನೆಗೂ ಆ ರೈಲ್ವೆ ಗೇಟು.

ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಚಾಮರಾಜನಗರಕ್ಕೆ ಮುಂದುವರಿದದ್ದು 1926ರಲ್ಲಿ. ಒಂಟಿ ಹಳಿಯ ಸಾಧು ಲೈನು. ಇದರ ಮೇಲೆ ಹಾಲು, ಹೂವು, ಕಾಲೇಜು ಮಕ್ಕಳು, ಕೋರ್ಟಿಗೆ ಹೋಗುವವರು, ದೇವಸ್ಥಾನಕ್ಕೆ ಬರುವವರು ಎಲ್ಲ ಓಡಾಡುತ್ತಾರೆ. ನಮ್ಮೂರಿನ ಕಪಿಲೆಯ ಮೇಲಿನ ಹಳೇ ಸೇತುವೆ ಇನ್ನೂ ಹಿಂದಿನದು, 1735ರದು. ಬಹುಕಾಲ ಗಾಡಿರಸ್ತೆಯನ್ನೂ ರೈಲನ್ನೂ ಒಟ್ಟಿಗೆ ಹೊತ್ತು, ಬ್ರಾಡ್‌ಗೇಜ್ ಬಂದ ಮೇಲೆ ಅದು ರೈಲಿನ ಕೆಲಸದಿಂದ ಬಿಡುಗಡೆ ಪಡೆಯಿತು. ಇನ್ನೂರೈವತ್ತು ವರ್ಷಕ್ಕೂ ಹೆಚ್ಚಿನ ಸರ್ವೀಸು. ಅದರ ಪಕ್ಕ ಹಾಯುವಾಗಲೆಲ್ಲ ನನ್ನ ಸರ್ವೀಸು ನನಗೇ ಪ್ರೊಬೇಷನ್ನಿನ ಹಾಗೆ ಕಾಣುತ್ತದೆ.

ನಾನು ಹೊರಡುವ ಹೊತ್ತಿಗೂ ಬೆಳಗಿನ ಪ್ಯಾಸೆಂಜರಿಗೂ ಜಾತಕ ಕೂಡಿತ್ತು. ವಾರದಲ್ಲಿ ನಾಲ್ಕು ದಿನವಾದರೂ ಗೇಟು ಹಾಕಿರುತ್ತಿತ್ತು. ಆ ಏಳೆಂಟು ನಿಮಿಷ ನಾನು ಯಾರ ನೌಕರನೂ ಅಲ್ಲ, ಯಾರ ಗಂಡನೂ ಅಲ್ಲ. ಬೇಲಿಯ ಮೇಲೆ ಒಂದು ಮಡಿವಾಳ ಹಕ್ಕಿ ಬಾಲ ಎತ್ತಿ ಇಳಿಸುತ್ತಿರುತ್ತಿತ್ತು. ಹಳಿಯ ಆಚೆ ಹೊಲದಲ್ಲಿ ಒಬ್ಬ ಅಜ್ಜಿ ಸೊಪ್ಪು ಕೊಯ್ಯುತ್ತಿದ್ದಳು. ಹೊಟ್ಟೆಯೊಳಗಿನ ಒದ್ದೆ ಬಟ್ಟೆಯನ್ನು ಯಾರೋ ಕೊಡವಿ ಹಗ್ಗಕ್ಕೆ ಹರವಿದಂತಾಗುತ್ತಿತ್ತು. ಲೇಟಾದರೆ ಬಯೋಮೆಟ್ರಿಕ್ ಮಿಷನ್ನು ಕೆಂಪು ದೀಪ ತೋರಿಸುತ್ತದೆ, ಮೂರು ಕೆಂಪು ದೀಪಕ್ಕೆ ಅರ್ಧ ದಿನದ ಸಂಬಳ ಕಟ್ಟು. ಆದರೂ "ಸಾರ್, ಗೇಟು" ಎಂದರೆ ಯಾರೂ ಎದುರು ಮಾತಾಡುವಂತಿರಲಿಲ್ಲ. ಭಾರತ ಸರ್ಕಾರವೇ ನನ್ನ ಪರವಾಗಿ ಅಡ್ಡ ನಿಂತಿತ್ತು. ಒಂದೊಂದು ದಿನ ಬೋಗಿಯಿಲ್ಲದೆ ಬರೀ ಇಂಜಿನ್ ಹಾದುಹೋಗಿ ಗೇಟು ಥಟ್ಟನೆ ತೆರೆದುಬಿಡುತ್ತಿತ್ತು. ಆ ದಿನ ಟಿಕೆಟ್ ತಗೊಂಡು ಟ್ರೈಲರ್ ಮಾತ್ರ ನೋಡಿ ಬಂದಷ್ಟು ಮೋಸ.

ಒಂದು ಗುರುವಾರ, ನೆನಪಿದೆ, ಗೇಟು ತೆರೆದೇ ಇತ್ತು. ನಾನು ಹೋಗಿ ನಿಂತೆ. ಸ್ಕೂಟರ್ ಆಫ್ ಮಾಡಿದೆ, ಸ್ಟ್ಯಾಂಡ್ ಹಾಕಿದೆ, ಹೆಲ್ಮೆಟ್ಟನ್ನೂ ತೆಗೆದೆ. ಹಿಂದೆ ಟೆಂಪೋದವನು ಹಾರನ್ ಹೊಡೆಯತೊಡಗಿದ. ಗೇಟ್‌ಮನ್ ತನ್ನ ಪುಟ್ಟ ಕೋಣೆಯಿಂದ ಹೊರಗೆ ಬಂದು ಅತ್ತ ಇತ್ತ ನೋಡಿ, "ಗೇಟ್ ತೆಗ್ದದ ಕಣಣ್ಣ, ಹೋಗಿ" ಎಂದ.

"ಗೊತ್ತು" ಎಂದೆ. ಆದರೆ ಕೈ ಕೀಲಿಯ ಕಡೆ ಹೋಗಲಿಲ್ಲ.

ಅವನು ಹತ್ತಿರ ಬಂದ. "ಹುಷಾರಾಗಿದ್ದೀರಾ? ನೀರ್ ಕುಡೀತೀರಾ?" ಎಂದ. ಟೆಂಪೋದವನು ಪಕ್ಕದಿಂದ ಹಾದುಹೋಗುತ್ತ, ನಾನು ಬೆಳಿಗ್ಗೆಯೇ ಏನು ಹಾಕಿಕೊಂಡಿರಬಹುದೆಂದು ತನ್ನ ಊಹೆಯನ್ನು ಜೋರಾಗಿಯೇ ಹೇಳಿದ. ನಾನು ನೀರು ಕುಡಿದೆ. ತೆರೆದ ಗೇಟಿನ ಆಚೆಗೆ ರಸ್ತೆ ಸಲೀಸಾಗಿ, ಗುಂಡಿಯೂ ಇಲ್ಲದೆ, ನೇರವಾಗಿ ತಾಂಡ್ಯದ ಕಡೆಗೆ ಹೋಗಿತ್ತು. ಅದನ್ನು ನೋಡಿದಾಗ ಗೊತ್ತಾಯಿತು, ಇದು ಗ್ಯಾಸ್ಟ್ರಿಕ್ ಅಲ್ಲ.

ಅವತ್ತು ರಾತ್ರಿ ಹೆಂಡತಿಗೆ ಹೇಳಿದೆ, "ಕೆಲಸ ಬಿಡೋಣ ಅಂತಿದ್ದೀನಿ ಕಣೇ." ಅವಳು ಅವರೆಕಾಯಿ ಹಿಚುಕುತ್ತಿದ್ದಳು. ಒಂದು ಕಾಳು ಸಿಡಿದು ಟಿ.ವಿ.ಗೆ ಬಡಿಯಿತು. "ಬಿಟ್ಟು?" ಎಂದಳು. ಆ ಒಂದು ಪದಕ್ಕೆ ಉತ್ತರ ಹುಡುಕುತ್ತ ನನಗೆ ಎರಡು ವರ್ಷ ಕಳೆಯಿತು.

ಮೊದಲು ಲೆಕ್ಕ. ಸ್ಟೋರ್ಸಿನವನಲ್ಲವೇ? ಇಂಡೆಂಟ್ ಸ್ಲಿಪ್ಪಿನ ಹಿಂಭಾಗದಲ್ಲಿ ಗ್ರಾಚ್ಯುಯಿಟಿ ಹಾಕಿ ನೋಡಿದೆ. ಬೇಸಿಕ್ಕು, ಡಿ.ಎ. ಸೇರಿ 18,200. ಇದನ್ನು 26ರಿಂದ ಭಾಗಿಸಿದರೆ ದಿನಕ್ಕೆ 700. ವರ್ಷಕ್ಕೆ ಹದಿನೈದು ದಿನದ್ದೆಂದರೆ 10,500. ಅಲ್ಲಿಗೆ ಆಗಿದ್ದ ಹದಿನೇಳು ವರ್ಷಕ್ಕೆ 1,78,500. ತಿಂಗಳನ್ನು ಮೂವತ್ತರಿಂದ ಭಾಗಿಸದೆ ಇಪ್ಪತ್ತಾರರಿಂದ ಭಾಗಿಸಬೇಕೆಂದು ಕಾನೂನು ಬರೆದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಪಿ.ಎಫ್. ಇದೆ, ಅದರಲ್ಲಿ ಅರ್ಧವನ್ನು ಮನೆ ಮೇಲೆ ಮಹಡಿ ಕಟ್ಟುವಾಗಲೇ ತೆಗೆದದ್ದಾಗಿದೆ. ಪಿಂಚಣಿಗೆ ಹತ್ತು ವರ್ಷದ ಸರ್ವೀಸು ಬೇಕು, ಆಗಿದೆ. ಆದರೆ ಅದು ಪೂರ್ತಿಯಾಗಿ ಕೈಗೆ ಬರುವುದು ಐವತ್ತೆಂಟಕ್ಕೆ. ನನಗಾಗ ನಲವತ್ತೆರಡು. ನಡುವಿನ ಹದಿನಾರು ವರ್ಷ ಯಾವ ಬಿನ್ನಿನಲ್ಲೂ ಸ್ಟಾಕಿರಲಿಲ್ಲ.

ಆಮೇಲೆ ಉದ್ಯೋಗಗಳ ಪಟ್ಟಿ. ನಂಜನಗೂಡು ರಸಬಾಳೆ ಹಾಕಿದರೆ ಹೇಗೆ? ಜಿ.ಐ. ಮಾನ್ಯತೆ ಪಡೆದ ಹಣ್ಣು. ತೆಳ್ಳನೆ ಸಿಪ್ಪೆ, ಬಾಯಲ್ಲಿಟ್ಟರೆ ಕರಗುವ ತಿರುಳು, ಹೆಸರಿನಲ್ಲೇ ಊರಿದೆ. ದೇವರಸನಹಳ್ಳಿಯ ಕಡೆ ಪರಿಚಯದ ಒಬ್ಬ ರೈತರ ಹತ್ತಿರ ಹೋದೆ. ಅವರು ತೋಟದಲ್ಲಿ ಒಂದು ಗಿಡದ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಕೆಳಗಿನ ಎಲೆ ಅಂಚಿನಿಂದ ಹಳದಿಯಾಗಿ, ಮಧ್ಯದ ನರದಲ್ಲೇ ಮುರಿದು ಕಾಂಡದ ಸುತ್ತ ಲಂಗದ ಹಾಗೆ ಇಳಿಬಿದ್ದಿತ್ತು. ಕುಡುಗೋಲಿನಿಂದ ಕಾಂಡ ಸೀಳಿದರು. ಬೆಳ್ಳಗಿರಬೇಕಾದ ಕಡೆ ತುಕ್ಕಿನ ಬಣ್ಣದ ಗೆರೆಗಳು. ಪನಾಮ ಸೊರಗು ರೋಗ. "ಮಣ್ಣಲ್ಲೇ ಕುಂತದ ಇದು. ಗಿಡ ಕಿತ್ತಾಕುದ್ರೂ ಅದು ಹೋಗಕಿಲ್ಲ. ಅದೇ ಜಾಗಕ್ಕ ತಿರ್ಗ ಇದ್ನೇ ನೆಟ್ರ, ತಿರ್ಗ ಬತ್ತದ" ಎಂದರು. ರೋಗದ ಲಕ್ಷಣ ಕೇಳುತ್ತ ಕೇಳುತ್ತ ನಾನು ಯಾಕೋ ನನ್ನ ಹೊಟ್ಟೆ ಮುಟ್ಟಿಕೊಂಡೆ.

ವೀಳ್ಯದೆಲೆ ಬಳ್ಳಿ, ಇಡ್ಲಿ ಹಿಟ್ಟಿನ ವ್ಯಾಪಾರ, ಜೆರಾಕ್ಸ್ ಅಂಗಡಿ ಎಲ್ಲ ಒಂದೊಂದು ವಾರ ಬದುಕಿದವು. ನಮ್ಮ ಪ್ಲಾಂಟಿನ ಎಲೆಕ್ಟ್ರೀಷಿಯನ್ ಒಬ್ಬ ಕೆಲಸ ಬಿಟ್ಟು ಗೋಬಿ ಗಾಡಿ ಇಟ್ಟಿದ್ದ. ಅವನನ್ನು ಕಂಡು ಹೇಗಿದೆಯಪ್ಪ ಎಂದು ಕೇಳಿದೆ. ಬಾಣಲೆಯಿಂದ ಕಣ್ಣೆತ್ತದೆ "ಸೂಪರ್ ಅಣ್ಣ, ಯಾರ ಹಂಗೂ ಇಲ್ಲ" ಎಂದ. ಅಷ್ಟರಲ್ಲಿ ಮೋಡ ಕವಿಯಿತು. ಅವನು ಆಕಾಶ ನೋಡಿದ ರೀತಿ, ನಾನು ಮ್ಯಾನೇಜರ ಬಾಗಿಲು ನೋಡುವ ರೀತಿಯೇ ಇತ್ತು.

ಕೊನೆಗೆ ಅಪ್ಪನ ಹತ್ತಿರ ಹೋದೆ. ನಮ್ಮ ಮೂಲ ತಿ. ನರಸೀಪುರದ ಕಡೆಯ ನಾಲೆ ಬಯಲು. ಒಂದು ಎಕರೆ ಹತ್ತು ಗುಂಟೆ ಗದ್ದೆ, ಅದರಲ್ಲಿ ಅಣ್ಣನದೂ ಪಾಲಿದೆ. ಅಪ್ಪ ಬದುವಿನ ಮೇಲೆ ಕೂತು ಕಾಲಿನ ಕೆಸರನ್ನು ಹುಲ್ಲಿನಿಂದ ಕೆರೆಯುತ್ತಿದ್ದ. ಫ್ಯಾಕ್ಟರಿ ಕೆಲಸ ಬಿಟ್ಟು ಬಂದು ಬೇಸಾಯ ಮಾಡುತ್ತೇನೆಂದೆ. ಸುಮ್ಮನಿದ್ದ. ಬೆಳಿಗ್ಗೆ ಎದ್ದರೆ ಹೊಟ್ಟೆಯಲ್ಲಿ ದಿಗಿಲಾಗುತ್ತದಪ್ಪ, ಬಿಟ್ಟುಬಿಡಬೇಕು ಅನ್ನಿಸುತ್ತದೆ ಎಂದೆ.

"ನಂಗೂ ನಲವತ್ತು ವರ್ಸದಿಂದ ಅನ್ನುಸ್ತದ. ಬುಟ್ಬುಡವಾ ಅಂತ" ಎಂದ ಅಪ್ಪ. ಕೆಸರು ಕೆರೆಯುವುದು ನಿಲ್ಲಿಸಿ ನನ್ನ ಮುಖ ನೋಡಿದ. "ನೀನಾರ ಮೇನೇಜರ್‌ಗ ಬರ್ದು ಕೊಟ್ಟೀಯೆ. ನಾ ಯಾರ್ಗ ಅರ್ಜಿ ಕೊಡ್ಲಿ ಮೊಗ?"

ನಾಲೆಯಲ್ಲಿ ನೀರು ಹೋಗುತ್ತಿತ್ತು. ಇಬ್ಬರೂ ಅದನ್ನು ಸ್ವಲ್ಪ ಹೊತ್ತು ನೋಡಿದೆವು. ಬರುವಾಗ ಅವ್ವ ಹತ್ತು ಸೇರು ಅಕ್ಕಿ ಕಟ್ಟಿಕೊಟ್ಟಳು.

ಹಾಗೆಂದು ಕೆಲಸ ಬಿಟ್ಟವರು ನಮ್ಮ ಸೀಮೆಯಲ್ಲಿ ಇಲ್ಲವೆಂದಲ್ಲ. ನಮ್ಮ ತಾಲ್ಲೂಕಿನ ದೇವನೂರಿನವರೇ ಆದ ದೇವನೂರ ಮಹಾದೇವ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಕೆಲಸದಲ್ಲಿದ್ದವರು, ಬಿಟ್ಟು ಬೇಸಾಯಕ್ಕೆ ಹೋದರು. ಮೈಸೂರಿನ ಆರ್.ಕೆ. ನಾರಾಯಣ್ ಚನ್ನಪಟ್ಟಣದ ಸರ್ಕಾರಿ ಶಾಲೆಗೆ ಮೇಷ್ಟ್ರಾಗಿ ಹೋಗಿ ಕೆಲವೇ ದಿನಕ್ಕೆ ವಾಪಸಾದರು. 1935ರಲ್ಲಿ ಅವರ ಮೊದಲ ಕಾದಂಬರಿ ಬಂದಾಗ ಅದು ಶುರುವಾದದ್ದು ಒಂದು ಸೋಮವಾರ ಬೆಳಿಗ್ಗೆ, ಶಾಲೆಯ ನೆನಪಿಗೇ ನಡುಗುವ ಒಬ್ಬ ಹುಡುಗನಿಂದ. ಅದನ್ನು ಓದಿದಾಗ, ಅಯ್ಯೋ ಇವರಿಗೂ ಭಾನುವಾರ ನಾಲ್ಕರ ಮೇಲೆ ಬರುತ್ತಿತ್ತು ಎಂದುಕೊಂಡೆ. ಇಂಥವರನ್ನು ನೆನೆದು ಎದೆ ಉಬ್ಬಿಸಬಹುದು. ಆದರೆ ಅವರ ಕೈಯಲ್ಲಿ 'ಕುಸುಮಬಾಲೆ' ಇತ್ತು, ಮಾಲ್ಗುಡಿ ಇತ್ತು. ನನ್ನ ಕೈಯಲ್ಲಿದ್ದದ್ದು ಹದಿಮೂರು ಬೇರಿಂಗು.

ಬಿಡಲಾಗದಿದ್ದರೆ ತಪ್ಪಿಸಿಕೊಳ್ಳಬಹುದು. ಆ ವಿಷಯದಲ್ಲಿ ನಮ್ಮ ಕಡೆ ಹುಟ್ಟಿದವನು ಪುಣ್ಯವಂತ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುತ್ತಾರೆ, ರಜೆ. ಸುತ್ತೂರು ಜಾತ್ರೆ, ರಜೆ. 1989ರಿಂದ ಮೂರು ವರ್ಷಕ್ಕೊಮ್ಮೆ ತಿ. ನರಸೀಪುರದಲ್ಲಿ ಕಾವೇರಿ, ಕಪಿಲೆ, ಸ್ಫಟಿಕ ಸರೋವರ ಸೇರುವ ಕಡೆ ಕುಂಭಮೇಳ ನಡೆಯುತ್ತದೆ, ನಮ್ಮೂರ ಕಡೆಯದೇ ಅಲ್ಲವೇ, ಎರಡು ದಿನ ರಜೆ. ಮೂರನೆಯದಾದ ಸ್ಫಟಿಕ ಸರೋವರ ಕಣ್ಣಿಗೆ ಕಾಣದೆ ಗುಪ್ತವಾಗಿದೆ ಎನ್ನುತ್ತಾರೆ. ನಾನು ನೀರಿನಲ್ಲಿ ಮುಳುಗಿ ಏಳುವಾಗ, ಹಾಜರಿ ಪುಸ್ತಕದಲ್ಲಿದ್ದೂ ಹೀಗೆ ಗುಪ್ತವಾಗಿ ಇರುವುದನ್ನು ನನಗೂ ಕಲಿಸು ತಾಯಿ ಎಂದು ಬೇಡಿಕೊಂಡದ್ದುಂಟು.

ರಾಜೀನಾಮೆ ಪತ್ರ ಮಾತ್ರ ಬರೆದಿಟ್ಟೆ. "ವೈಯಕ್ತಿಕ ಕಾರಣಗಳಿಂದ" ಎಂದು ಶುರು ಮಾಡಿ ನಾಲ್ಕೇ ಸಾಲು. ತಾರೀಖಿನ ಜಾಗ ಖಾಲಿ ಬಿಟ್ಟು ಸಹಿ ಹಾಕಿದೆ. ಮನೆಯಲ್ಲಿಟ್ಟರೆ ಹೆಂಡತಿ ನೋಡುತ್ತಾಳೆ, ಸ್ಟೋರ್ಸಿನಲ್ಲಿಟ್ಟರೆ ಅದಕ್ಕೂ ಬಿನ್ ಕಾರ್ಡ್ ಮಾಡಬೇಕಾಗುತ್ತದೆ ಎಂದು ಸ್ಕೂಟರಿನ ಸೀಟಿನ ಕೆಳಗೆ ಆರ್.ಸಿ., ಇನ್ಶೂರೆನ್ಸ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದೆ. ಒಂದು ದಿನ ಮೈಸೂರಿನಲ್ಲಿ ಟ್ರಾಫಿಕ್ ಪೊಲೀಸಿನವರು ನಿಲ್ಲಿಸಿದಾಗ ಕವರನ್ನೇ ಅವರ ಕೈಗೆ ಕೊಟ್ಟುಬಿಟ್ಟೆ. ಅವರು ಒಂದೊಂದೇ ಕಾಗದ ತಿರುವುತ್ತ ಬಂದು, ಇದಕ್ಕೆ ತಲುಪಿ, ಪೂರ್ತಿ ಓದಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಇದಕ್ಕೆ ಡೇಟೇ ಇಲ್ಲ" ಎಂದರು. "ಎಮಿಷನ್‌ಗೆ ಡೇಟ್ ಇದೆ, ಅದೂ ಮುಗಿದಿದೆ." ಹಾಗೆಂದು ದಂಡ ಹಾಕದೆ ಕವರು ವಾಪಸು ಕೊಟ್ಟರು. ಯಾಕೆ ಬಿಟ್ಟರೆಂದು ನಾನು ಕೇಳಲಿಲ್ಲ. ಮಟಮಟ ಮಧ್ಯಾಹ್ನ, ನೆರಳಿಲ್ಲದ ಸರ್ಕಲ್ಲು, ಅವರ ಶರಟಿನ ಬೆನ್ನು ಬೆವರಿನಲ್ಲಿ ಅಂಟಿಕೊಂಡಿತ್ತು.

ನೀರು ಕುಡಿಸಿದ ಮೇಲೆ ಗೇಟ್‌ಮನ್ ನನಗೆ ಸ್ನೇಹಿತನಾಗಿದ್ದ. ಮಿಲಿಟರಿಯಲ್ಲಿದ್ದು ಬಂದವನು. ಪ್ರಪಂಚದಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೆಲಸ ಇವನದೇ ಎಂದು ನಾನು ತೀರ್ಮಾನಿಸಿದ್ದೆ. ಎರಡು ಹೊಂಗೆ ಮರ, ಒಂದು ಕೋಣೆ, ಒಂದು ಹಸಿರು ಬಾವುಟ, ಒಂದು ಕೆಂಪು ಬಾವುಟ, ಮಡಿವಾಳ ಹಕ್ಕಿ. ಲೆಕ್ಕಕ್ಕೆ ಸಿಗುವ ರೈಲುಗಳು. ಒಂದು ಬಂದರೆ ಒಂದು ಹೋಗುತ್ತದೆ, ಉಳಿಯುವುದು ಸೊನ್ನೆ. ಬಿನ್ ಕಾರ್ಡೆಂದರೆ ಅದು! ಅವನಿಗೆ ಇದನ್ನೇ ಹೇಳಿದೆ.

ಅವನು ನನ್ನನ್ನು ಕೋಣೆಯೊಳಗೆ ಕರೆದು ರಿಜಿಸ್ಟರ್ ತೋರಿಸಿದ. ರೈಲು ಹೊರಡುವ ಮುಂಚೆ ಸ್ಟೇಷನ್ ಮಾಸ್ಟರು ಫೋನ್ ಮಾಡುತ್ತಾರೆ. ಗೇಟು ಹಾಕಿ, ಬೀಗ ನೋಡಿ, ಇವನು ಒಂದು ಗುಟ್ಟಿನ ನಂಬರು ಹೇಳಬೇಕು. ಪ್ರೈವೇಟ್ ನಂಬರ್ ಎನ್ನುತ್ತಾರೆ. ಅದನ್ನು ಬರೆದುಕೊಂಡ ಮೇಲೆಯೇ ರೈಲು ಬಿಡುವುದು. ಒಂದೊಂದು ನಂಬರನ್ನೂ ಹೇಳಿದ ಮೇಲೆ ಹಾಳೆಯಲ್ಲಿ ಹೊಡೆದುಹಾಕಬೇಕು. ಪುಟದ ತುಂಬ ಹೊಡೆದ ನಂಬರುಗಳು, ಪಕ್ಕದಲ್ಲಿ ಗಂಟೆ, ನಿಮಿಷ. ಅವನ ಅಕ್ಷರ ನನ್ನದಕ್ಕಿಂತ ದುಂಡಗಿತ್ತು.

"ಬಾರ್ಡರಲ್ಲಿ ಇದ್ದಾಗ ನಿದ್ದೆ ಬತ್ತಿತ್ತು ಕಣಣ್ಣ" ಎಂದ. "ಇಲ್ಲಿಗೆ ಬಂದ್ಮೇಲೆ ಮನೇಲಿ ಮಲಗಿದ್ರೂ ಫೋನ್ ಹೊಡ್ದಂಗೆ ಆಯ್ತದೆ. ಗೇಟ್ ಹಾಕುದ್ನಾ, ಇಲ್ವಾ? ಎದ್ದು ಕೂತ್ಕತೀನಿ. ಒಂದ್ ಸಲ ನಡುರಾತ್ರೀಲಿ ಮನೆ ಬಾಗಿಲ ಚಿಲಕ ಹಾಕ್ಬುಟ್ಟು ಹೆಂಡ್ತಿಗೆ ನಂಬರ್ ಹೇಳಿವ್ನಿ." ನಗುತ್ತಲೇ ಹೇಳಿದ. ಆಮೇಲೆ ಫೋನಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ, "ನಿಮ್ ಫ್ಯಾಕ್ಟ್ರೀಲಿ ಸೆಕ್ಯೂರಿಟಿ ಕೆಲ್ಸ ಏನಾರ ಖಾಲಿ ಅದಾ? ಗೇಟಲ್ಲಿ ಬೇಡ. ಒಳಗಡೆ."

ವಿಚಾರಿಸುತ್ತೇನೆ ಎಂದೆ. ವಿಚಾರಿಸಿಯೂ ವಿಚಾರಿಸಿದೆ. ಒಳಗಡೆ ಖಾಲಿ ಇರಲಿಲ್ಲ, ಗೇಟಿನಲ್ಲಿ ಇತ್ತು.

ಅಷ್ಟರಲ್ಲಿ ಗೇಟೇ ಹೋಯಿತು. ಲೆವೆಲ್ ಕ್ರಾಸಿಂಗ್ ತೆಗೆದು ಅಂಡರ್‌ಪಾಸ್ ಮಾಡುತ್ತೇವೆಂದು ಬೋರ್ಡು ಹಾಕಿದರು, ಕಾಂಕ್ರೀಟಿನ ದೊಡ್ಡ ದೊಡ್ಡ ಡಬ್ಬಗಳನ್ನು ಹಳಿಯ ಕೆಳ‌ಗೆ ತಳ್ಳಿದರು. ನಮ್ಮ ರಟ್ಟಿನ ಡಬ್ಬದ ಹಾಗೆಯೇ, ಒಳಗೆ ಏನೂ ಇಲ್ಲದವು. ಊರಿಗೆಲ್ಲ ಸಂಭ್ರಮ. ಗೇಟ್‌ಮನ್‌ಗೆ ಬೇರೆ ಗೇಟು ಸಿಕ್ಕಿತಂತೆ, ಚಾಮರಾಜನಗರದ ಕಡೆ. ಹೋಗುವ ದಿನ ಬೆಳಿಗ್ಗೆ ನನಗಾಗಿ ಕಾದಿದ್ದು ಕೈ ಕುಲುಕಿ, "ಇನ್ಮೇಲೆ ಲೇಟಾಗಲ್ಲ ಬುಡಿ ನಿಮ್ಗೆ" ಎಂದ. ಹೊಂಗೆ ಮರಗಳಲ್ಲಿ ಒಂದು ಉಳಿಯಿತು.

ಈಗ ಮನೆಯಿಂದ ಹೊರಟರೆ ಎಲ್ಲೂ ನಿಲ್ಲದೆ ತಾಂಡ್ಯ. ಬಯೋಮೆಟ್ರಿಕ್ಕಿನಲ್ಲಿ ದಿನಾ ಹಸಿರು ದೀಪ. ಹೋದ ಜನವರಿಯಲ್ಲಿ ಹಾಜರಾತಿಗೆಂದು ನನಗೆ ಒಂದು ಗೋಡೆ ಗಡಿಯಾರ ಬಹುಮಾನ ಬಂತು. ಅದನ್ನು ಕೊಡುವಾಗ ಮ್ಯಾನೇಜರು "ಇವರ ಹಾಗಿರಬೇಕ್ರಪ್ಪ" ಎಂದು ಹೊಸ ಹುಡುಗರಿಗೆ ತೋರಿಸಿದರು. ಬೇರಿಂಗು ಈಗಲೂ ಅವರ ಮೇಜಿನ ಮೇಲೆಯೇ ಇದೆ. ಕಾರ್ಡಿನಲ್ಲಿ ಅದನ್ನು 'ಸ್ಕ್ರ್ಯಾಪ್' ಎಂದು ತೋರಿಸಿ ಲೆಕ್ಕ ಸರಿಮಾಡಿದ್ದೇನೆ.

ಒಂದೇ ಒಂದು ಆಸರೆ ಉಳಿದಿದೆ. ಅಂಡರ್‌ಪಾಸ್ ಕಟ್ಟಿದವರು ನೀರು ಬರುವ ದಾರಿ ಮಾಡಿದ್ದಾರೆ, ಹೋಗುವ ದಾರಿ ಮರೆತಿದ್ದಾರೆ. ಒಂದು ಒಳ್ಳೆಯ ಮಳೆ ಹುಯ್ದರೆ ಮೊಣಕಾಲುದ್ದ ನಿಲ್ಲುತ್ತದೆ. ಹಾಗಾಗಿ ಈಚೆಗೆ ನಾನೂ ಅಪ್ಪನ ಹಾಗೆ ಮಲಗುವ ಮುಂಚೆ ಆಕಾಶ ನೋಡುತ್ತೇನೆ. "ಗದ್ದೆ ಕಡೆ ಜ್ಞಾಪಕವಾ?" ಎಂದು ಹೆಂಡತಿ ಕೇಳುತ್ತಾಳೆ. ಹೂಂ ಎನ್ನುತ್ತೇನೆ.

ಮೊನ್ನೆ ರಾತ್ರಿಯಿಡೀ ಹುಯ್ಯಿತು. ಬೆಳಿಗ್ಗೆ ಹೋದರೆ ಅಂಡರ್‌ಪಾಸಿನಲ್ಲಿ ಕೆಂಪು ನೀರು ತುಂಬಿ, ಅದರ ಮೇಲೆ ಯಾರದೋ ಒಂದು ಹವಾಯಿ ಚಪ್ಪಲಿ ತಣ್ಣಗೆ ತೇಲುತ್ತಿತ್ತು. ಒಬ್ಬ ಆಟೋದವನು ಬೈಯುತ್ತಿದ್ದ. ಒಂದು ಕಾರು ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಹೋಗಲಾರದೆ ಹಾರನ್ ಮಾಡುತ್ತಿತ್ತು. ನಾನು ಸ್ಕೂಟರ್ ಆಫ್ ಮಾಡಿ, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದೆ. ಆಗ ಪಕ್ಕದಲ್ಲಿ ಕಂಡ ಒಬ್ಬ ಹುಡುಗ. ಇಪ್ಪತ್ತೆರಡು, ಇಪ್ಪತ್ಮೂರು ಇರಬಹುದು. ಕತ್ತಿನಲ್ಲಿ ಯಾವುದೋ ಫ್ಯಾಕ್ಟರಿಯ ಹೊಸ ಗುರುತಿನ ಚೀಟಿ, ದಾರದ ಬಣ್ಣ ಇನ್ನೂ ಮಾಸಿಲ್ಲ. ಬೈಕ್ ಇನ್ನೂ ಡುಗುಡುಗು ಎನ್ನುತ್ತಿತ್ತು. ಅವನು ಬೈಯಲೂ ಇಲ್ಲ, ಗಡಿಯಾರ ನೋಡಲೂ ಇಲ್ಲ. ನೀರನ್ನೇ ನೋಡುತ್ತ ನಿಂತಿದ್ದ. ಅವನ ಮುಖದಲ್ಲಿ ಒಂದು ನಗು ನಿಧಾನವಾಗಿ ಹರಡುತ್ತಿತ್ತು. ಆ ನಗು ನನಗೆ ಚೆನ್ನಾಗಿ ಪರಿಚಯದ್ದು.

ಜೇಬಿಗೆ ಕೈ ಹಾಕಿ ಕಡಲೆಕಾಯಿ ತೆಗೆದು ಅವನ ಕಡೆ ಚಾಚಿದೆ.

"ಗಾಡಿ ಆಫ್ ಮಾಡಪ್ಪ" ಎಂದೆ. "ಪೆಟ್ರೋಲ್ ಯಾಕೆ ಸುಡ್ತೀಯ? ಇದು ಹತ್ತೂವರೆವರೆಗೂ ಇಳಿಯಲ್ಲ."